ಸ್ವಿಚ್ಚು ಮುಟ್ಟಬಾರದ ಮನೆ

ನಮ್ಮ ಮನೆಯಲ್ಲಿ ಕಳ್ಳತನಕ್ಕಾದರೂ ಕ್ಷಮೆಯಿತ್ತು, ಸುಮ್ಮನೆ ಉರಿಯುವ ದೀಪಕ್ಕೆ ಇರಲಿಲ್ಲ. ಮದುವೆಯಾಗಿ ಬಾಳೂರಿನ ಈ ಗುಡ್ಡಕ್ಕೆ ಬಂದ ಮೊದಲ ವಾರವೇ ನನಗೆ ಇದರ ಅನುಭವವಾಯಿತು. ಬಚ್ಚಲಲ್ಲಿ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದ್ದೆ. ಹೊರಗಿನಿಂದ ಮಾವ ದೀಪ ಆರಿಸಿ ಹೋದರು. ಕಣ್ಣು ಬಿಟ್ಟರೂ ಕತ್ತಲೆ. ಸೀಗೆಪುಡಿಗೆ ಕಣ್ಣೇ ಹೋಯಿತೆಂದು ಕಿರುಚಿಕೊಂಡೆ.

"ಒಳಗಿದ್ದೀನಿ ಅಂತ ಹೇಳೋದಲ್ವ ಮಾರಾಯ್ತಿ" ಎಂದರು ಮಾವ.

ಬಚ್ಚಲಲ್ಲಿ ಕೂತವರು ಹಾಜರಿ ಕೂಗಬೇಕೆಂದು ತವರಿನಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಬಚ್ಚಲಿಗೂ ಅತ್ತೆಗೂ ಹಳೆಯ ವೈರ. ಅತ್ತೆಗೆ ಉಬ್ಬಸ. ಚಿಕ್ಕಮಗಳೂರಿನ ಡಾಕ್ಟರು ಔಷಧಿಯನ್ನು ಆವಿ ಮಾಡಿ ಮೂಗಿಗೆ ಕೊಡುವ ಸಣ್ಣ ಯಂತ್ರವೊಂದನ್ನು ಬರೆದುಕೊಟ್ಟು, ಹೊಗೆಯ ಹತ್ತಿರ ಸುಳಿಯಬೇಡಿ ಎಂದಿದ್ದರು. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಗಿತ್ತು. ಸ್ನಾನದ ಹಂಡೆ ಮಾತ್ರ ಸೌದೆ ಒಲೆಯ ಮೇಲೆಯೇ ಇತ್ತು. ಬೆಳಗಾಗುತ್ತಲೇ ಅತ್ತೆ ಅದರ ಬಾಯಿಗೆ ಹಸಿ ಕಾಫಿಕಡ್ಡಿ ತುರುಕಿ, ಅರ್ಧ ಉಸಿರನ್ನು ಊದುಗೊಳವೆಗೆ ಕೊಟ್ಟು, ಉಳಿದರ್ಧದಲ್ಲಿ ಕೆಮ್ಮುತ್ತಿದ್ದರು. ನಾನು ಉರಿ ಹಾಕುತ್ತೇನೆ ಅಂದರೆ "ನಿನ್ನ ಕೈಗೆ ಬೆಂಕಿ ಹತ್ತಲ್ಲ ಬಿಡು" ಎನ್ನುತ್ತಿದ್ದರು. ಅದು ನಿಜವೂ ಆಗಿತ್ತು. ಮೊದಲ ಸ್ನಾನ ಮಾವನದು, ಆಮೇಲೆ ನನ್ನ ಗಂಡ, ಆಮೇಲೆ ನಾನು. ಹಂಡೆಯ ತಳದ ಉಗುರುಬೆಚ್ಚಗಿನ ನೀರು, ಅದನ್ನು ಕಾಯಿಸಿದವರಿಗೆ.

ಈ ಒಲೆ ಆರಿಸಬೇಕೆಂದು ನಾನೂ ನನ್ನ ಗಂಡನೂ ಮಾಡದ ಸಾಹಸವಿಲ್ಲ. ಚಾವಣಿಗೆ ಸೋಲಾರ್ ಹೀಟರ್ ಹಾಕಿಸಿದೆವು. ಬಿಸಿನೀರು ಯಾರಿಗೂ ಬೇಡದ ಏಪ್ರಿಲ್‌ನಲ್ಲಿ ಕೈ ಸುಡುವ ನೀರು ಕೊಟ್ಟು, ಜೂನ್ ಬಂದದ್ದೇ ಪಾಚಿ ಬೆಳೆಸಿಕೊಂಡು ಕೂತಿತು. ಗೋಬರ್ ಗ್ಯಾಸ್ ಮಾಡಿಸಿದೆವು. ನಮ್ಮ ಎರಡು ಹಸುಗಳು ಕೈಲಾದದ್ದನ್ನು ಮಾಡಿದವು, ಚಳಿಗೆ ಗುಂಡಿಯೇ ಮುನಿಸಿಕೊಂಡಿತು. ಅದರ ಉರಿಗಿಂತ ಅದರ ಬಗ್ಗೆ ಮಾವ ನೆಂಟರಿಗೆ ಮಾಡುತ್ತಿದ್ದ ಭಾಷಣವೇ ಬಿಸಿಯಾಗಿರುತ್ತಿತ್ತು.

ಕೊನೆಗೆ ದಾರಿ ತೋರಿಸಿದವರು ಬಣಕಲ್‌ನ ಜೀಪ್ ಮೆಕ್ಯಾನಿಕ್. ನಾವೆಲ್ಲ ಅವರನ್ನು ಭಾಯಿ ಎನ್ನುತ್ತೇವೆ. ಮನೆಯ ಹಿಂದೆ ಗುಡ್ಡದಿಂದ ಧುಮುಕುವ ಹಳ್ಳ ನೋಡಿ, "ಇಷ್ಟು ನೀರು ದಂಡಕ್ಕೆ ಬೀಳ್ತಾ ಉಂಟಲ್ಲ ಗೌಡ್ರೇ" ಎಂದರು. ದಂಡ ಎಂಬ ಮಾತು ಕೇಳಿದರೆ ಮಾವನಿಗೆ ನಿದ್ದೆ ಹತ್ತುವುದಿಲ್ಲ. ತಿಂಗಳೊಳಗೆ ಹಳ್ಳದಿಂದ ಪೈಪು ಇಳಿಯಿತು. ಅದರ ಬುಡದಲ್ಲಿ, ನೀರಿನ ರಭಸಕ್ಕೆ ತಿರುಗಿ ಕರೆಂಟು ಕೊಡುವ ಪುಟ್ಟ ಯಂತ್ರ ಕೂತಿತು. ಬಚ್ಚಲ ಗೋಡೆಯಾಚೆ ಹೀಟರ್ ಕಾಯಿಲ್ ಇರುವ ಡ್ರಮ್ಮು ಬಂತು, ಒಳಗೊಂದು ನಲ್ಲಿ. ಮನೆಯ ದೀಪ, ಪ್ಲಗ್ಗುಗಳಿಗೂ ಇನ್ನು ಅದೇ ಕರೆಂಟು.

ಹೊರಡುವಾಗ ಭಾಯಿ ಮಾವನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು: "ಇದು ಲೈನ್ ಕರೆಂಟಲ್ಲ ಗೌಡ್ರೇ. ನೀರು ಬೀಳೋ ತನಕ ಹುಟ್ತಾನೇ ಇರ್ತದೆ. ಒಂದನ್ನ ಆರ್ಸಿದ್ರೆ ಅದರ ಪಾಲಿಂದು ಉಳಿದವಕ್ಕೆ ನುಗ್ತದೆ, ಸುಟ್ಟು ಹಾಕ್ತದೆ. ಅದನ್ನ ಸಂಭಾಳಿಸೋ ಪೆಟ್ಟಿಗೆ ಮುಂದಿನ ವಾರ ತಂದು ಕೂರಿಸ್ತೇನೆ. ಅಲ್ಲಿ ತನಕ ದೀಪ, ಡ್ರಮ್ಮು ಎಲ್ಲ ಉರೀತಾನೇ ಇರ್ಲಿ. ಸ್ವಿಚ್ ಮಾತ್ರ ಮುಟ್ಬೇಡಿ."

ಮಾವ ತಲೆಯಾಡಿಸಿದರು, ಮದುವೆಮನೆಯಲ್ಲಿ ಮಂತ್ರಕ್ಕೆ ತಲೆಯಾಡಿಸುವ ಹಾಗೆ.

ಎರಡು ದಿನ ತಡೆದುಕೊಂಡರು. ಹಗಲಲ್ಲಿ ಬಲ್ಬು ಉರಿಯುವುದು ಕಾಣದಿರಲೆಂದು ತೋಟದಲ್ಲೇ ಕಾಲ ಕಳೆದರು. ಮೂರನೆಯ ದಿನ ಹನ್ನೊಂದು ಗಂಟೆಗೆ ಕಾಫಿ ಕುಡಿಯಲು ಬಂದವರು ಜಗಲಿಯ ದೀಪ ಆರಿಸಿದರು. ಏನೂ ಆಗಲಿಲ್ಲ. ಧೈರ್ಯ ಬಂತು. ಅಡುಗೆಮನೆಯದು, ಕೊಟ್ಟಿಗೆಯದು, ದೇವರಮನೆಯದು. ಕೊನೆಗೆ "ಯಾರೂ ಮೀಯ್ತಾ ಇಲ್ಲ, ಇದಕ್ಯಾಕೆ" ಎಂದುಕೊಂಡು ಅತ್ತೆಯ ಕೋಣೆಯ ಬಾಗಿಲ ಪಕ್ಕದಲ್ಲಿದ್ದ ಡ್ರಮ್ಮಿನ ಸ್ವಿಚ್ಚನ್ನೂ ಆರಿಸಿದರು.

ಕೋಣೆಯಲ್ಲಿ ಅತ್ತೆ ಮೂಗಿಗೆ ಯಂತ್ರದ ಮಾಸ್ಕು ಇಟ್ಟುಕೊಂಡು ಆವಿ ಎಳೆದುಕೊಳ್ಳುತ್ತಿದ್ದರು. ತಲೆಯ ಮೇಲಿನ ಬಲ್ಬು ಬೆಳ್ಳಗೆ ಹೊಳೆದು ಟಪ್ಪೆಂದಿತು. ಕೈಯಲ್ಲಿದ್ದ ಯಂತ್ರ ಸುಟ್ಟ ವಾಸನೆ ಬಿಟ್ಟು ನಿಂತೇಹೋಯಿತು. ಬಾಗಿಲಲ್ಲಿ ಮಾವ ಇನ್ನೂ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ನಿಂತಿದ್ದರು.

ಗಂಡ ಜೀಪು ತೆಗೆದರು. ಮೂಡಿಗೆರೆಯ ಆಸ್ಪತ್ರೆಯವರೆಗೆ ಅತ್ತೆಯ ಎದೆ ಸೀಟಿ ಹೊಡೆಯುತ್ತಿತ್ತು, ತುಟಿ ಕಪ್ಪಿಟ್ಟಿತ್ತು. ಮಾವನಿಗೆ ಎಂದೂ ಎದುರಾಡದ ನಾನು ಹಿಂದೆ ತಿರುಗಿ ಕೇಳಿಯೇಬಿಟ್ಟೆ: "ಅತ್ತೆ ಉಸಿರಾಡೋದೂ ನಿಮಗೆ ದಂಡ ಅನ್ನಿಸ್ತದಾ ಮಾವ?" ಅವರು ಅತ್ತೆಯ ಬೆನ್ನು ನೀವುತ್ತಿದ್ದ ಕೈ ನಿಲ್ಲಿಸಲಿಲ್ಲ. ಆ ಮಾತಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಜೀವ ಬಾಯಿಗೆ ಬಂದಿತ್ತು. ಈ ಮನೆಯಲ್ಲಿ ನನ್ನನ್ನು ನಗಿಸುತ್ತಿದ್ದವರು ಅತ್ತೆಯೊಬ್ಬರೇ.

ಮೂರು ದಿನ ಬಿಟ್ಟು ಅತ್ತೆಯನ್ನು ಹೊಸ ಯಂತ್ರದ ಜೊತೆ ಮನೆಗೆ ಕರೆತಂದೆವು. ಮಾವ ಹಿಂದಿನ ದಿನವೇ ಬಂದಿದ್ದರು. ನೋಡಿದರೆ ಮನೆಯ ಪ್ರತಿಯೊಂದು ಸ್ವಿಚ್ಚಿಗೂ ಗಾಯಕ್ಕೆ ಹಾಕುವ ಪ್ಲಾಸ್ಟರು! ಇಡೀ ಗೋಡೆಗೇ ಪೆಟ್ಟು ಬಿದ್ದ ಹಾಗಿತ್ತು. ಹಂಡೆಯನ್ನು ಕಿತ್ತು, ಹಸುಗಳ ಕಲಗಚ್ಚಿಗೆಂದು ಕೊಟ್ಟಿಗೆಗೆ ಸಾಗಿಸಿದ್ದರು. ಒಲೆಯ ಬಾಯಿಗೆ ಮಣ್ಣು ಮೆತ್ತಿದ್ದರು. ಭಾಯಿ ಪೆಟ್ಟಿಗೆ ಕೂರಿಸಿ, "ಇನ್ನು ಹೆಚ್ಚಾದದ್ದನ್ನ ಇದೇ ಡ್ರಮ್ಮಿಗೆ ಕಳಿಸ್ತದೆ, ಆರ್ಸಿದ್ರೂ ಏನೂ ಆಗಲ್ಲ" ಎಂದು ನಮ್ಮೆಲ್ಲರ ಎದುರಿಗೇ ಹೇಳಿ ಹೋದರು. ಮಾವ ಪ್ಲಾಸ್ಟರು ಕೀಳಲಿಲ್ಲ.

ಮರುದಿನ ಬೆಳಿಗ್ಗೆ ಮಾವ ವಾಡಿಕೆಯಂತೆ ಟವೆಲ್ಲು ಹಿಡಿದು ಮೊದಲ ಸ್ನಾನಕ್ಕೆ ಹೊರಟರೆ ಬಚ್ಚಲ ಬಾಗಿಲು ಹಾಕಿತ್ತು.

"ಯಾರದು ಒಳಗೆ?"

"ನಾನು" ಎಂದರು ಅತ್ತೆ.

ಮಾವ ಸ್ವಲ್ಪ ಹೊತ್ತು ಕಾದು, "ಇನ್ನೂ ಆಗ್ಲಿಲ್ವೇನೇ?" ಎಂದರು.

"ಡ್ರಮ್ಮು ಕುದೀತಾ ಉಂಟು ರೀ. ಬಿಸಿನೀರು ಖರ್ಚು ಮಾಡ್ದೆ ಇದ್ರೆ ಬಲ್ಬು ಒಡೀತದಂತೆ, ಭಾಯಿ ಹೇಳಿದ್ದಾರೆ."

ಶುದ್ಧ ಸುಳ್ಳು. ಭಾಯಿ ಏನು ಹೇಳಿದ್ದರೆಂದು ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು. ಅವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತರು. ಬೆಳ್ಳಂಬೆಳಗಿನಲ್ಲಿ ತಲೆಯ ಮೇಲೆ ಬಲ್ಬು ಉರಿಯುತ್ತಿತ್ತು. ಒಳಗಿನಿಂದ ನೀರು ಹೊಯ್ದುಕೊಳ್ಳುವ ಸದ್ದು ಬಂತು, ಕೆಮ್ಮು ಬರಲಿಲ್ಲ. ಮಾವ ಅದನ್ನೇ ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಹಂಗಾದ್ರೆ ತಲೆಗೂ ಹೊಯ್ಕೋ" ಎಂದರು.