ಹೊರಹಾಕುವುದಕ್ಕೆಂದೇ ಕೊಟ್ಟ ಪೌರತ್ವ

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ದಿನ ಡೆಟ್ರಾಯಿಟ್‌ನ ನ್ಯಾಯಾಲಯದಲ್ಲಿ ಬಲಗೈ ಎತ್ತಿ ಪ್ರಮಾಣ ಮಾಡಿ ನಾನೂ ನನ್ನ ಗಂಡನೂ ಈ ದೇಶದ ಪ್ರಜೆಗಳಾದೆವು. ಪಕ್ಕದಲ್ಲಿ ನಿಂತಿದ್ದ ಪೋಲೆಂಡಿನ ಮುದುಕರೊಬ್ಬರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಯಾವುದಕ್ಕೂ ಕಣ್ಣು ಒದ್ದೆ ಮಾಡಿಕೊಳ್ಳದ ನನ್ನ ಗಂಡ ಕೂಡ ಕರವಸ್ತ್ರ ತೆಗೆದರು. ಮಾತೆತ್ತಿದರೆ ಅಳುವವಳು ನಾನು. ಅವತ್ತು ನನಗೆ ಅಳುವೇ ಬರಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಅವರು ಕೇಳಿಯೇಬಿಟ್ಟರು.

"ಏನೇ, ನಿನಗೇನೂ ಅನ್ನಿಸಲೇ ಇಲ್ವಾ?"

"ನನಗಿದು ಎರಡನೇ ಸಲ ರೀ," ಅಂದೆ.

ಮೊದಲ ಸಲ ನನಗೆ ಪೌರತ್ವ ಕೊಟ್ಟವರು ಆರನೇ ತರಗತಿಯ ಮಕ್ಕಳು. ಕೊಟ್ಟ ಕೈಯಲ್ಲೇ ನನ್ನನ್ನು ಹೊರಗೂ ಹಾಕಿದರು. ಆ ಮಕ್ಕಳ ಋಣ ನನ್ನ ಮೇಲಿದೆ. ತೀರಿಸುವ ದಾರಿ ಕಾಣದೆ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ನಾನು ಇತಿಹಾಸದಲ್ಲಿ ಎಂ.ಎ. ಮಾಡಿ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಮದುವೆಯಾಗಿ, ಕಾರು ಕಂಪನಿಯಲ್ಲಿ ಎಂಜಿನಿಯರಾಗಿದ್ದ ಗಂಡನ ಹಿಂದೆ ಡೆಟ್ರಾಯಿಟ್‌ಗೆ ಬಂದೆ. ಮೊದಲ ಚಳಿಗಾಲ ಪೂರ್ತಿ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತು ಹಿಮ ನೋಡಿದೆ. ಹಿಮ ಚೆನ್ನಾಗಿಯೇ ಇತ್ತು, ಆದರೆ ಅದಕ್ಕೆ ಇತಿಹಾಸ ಹೇಳಿಕೊಡಲು ಬರುವುದಿಲ್ಲವಲ್ಲ. ಆ ದಿನಗಳಲ್ಲಿ ನಗರದ ಶಾಲೆಗಳಿಗೆ ಟೀಚರುಗಳು ಸಾಲುತ್ತಿರಲಿಲ್ಲ. ನನಗೆ ಒಂದು ವರ್ಷದ ಮಟ್ಟಿಗೆ ಪಾಠ ಹೇಳಲು ಅನುಮತಿ ಸಿಕ್ಕಿತು. ಒಂದೇ ಷರತ್ತು: ವರ್ಷ ಮುಗಿಯುವುದರೊಳಗೆ ಯಾವಾಗಲಾದರೂ ಮೇಲಿನ ಆಫೀಸಿನಿಂದ ಒಬ್ಬರು ಬಂದು ನನ್ನ ಪಾಠ ಕೂತು ನೋಡುತ್ತಾರೆ. ಅವರ ವರದಿ ಚೆನ್ನಾಗಿ ಬಂದರೆ ನಾನು ಟೀಚರು, ಇಲ್ಲದಿದ್ದರೆ ಮತ್ತೆ ಕಿಟಕಿ.

ಶಾಲೆಯ ಬೀದಿಯಲ್ಲಿ, ಹಿಂದಿನ ಬೇಸಿಗೆಯ ವರ್ಣಭೇದದ ಗಲಭೆಯಲ್ಲಿ ಸುಟ್ಟಿದ್ದ ಅಂಗಡಿಗಳಿಗೆ ಇನ್ನೂ ಹಲಗೆ ಹೊಡೆದಿತ್ತು. ನನ್ನ ತರಗತಿಯ ಮಕ್ಕಳೆಲ್ಲ ಕಪ್ಪು ಜನರ ಮಕ್ಕಳು, ಹೆಚ್ಚಿನವರ ಅಪ್ಪಂದಿರು ಕಾರ್ಖಾನೆಯಲ್ಲಿ ಕಾರು ಜೋಡಿಸುವವರು. ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಬೂಟು ಹಾಕಿಕೊಂಡು ಬಂದ ನನ್ನನ್ನು ಒಂದು ವಾರ ಬಿಟ್ಟ ಬಾಯಿ ಮುಚ್ಚದೆ ನೋಡಿದರು. ನಾನು ಆ ವಾರವನ್ನು ಹಾಳು ಮಾಡಲಿಲ್ಲ. ಟೀಚರು ಒಳಗೆ ಬಂದರೆ ಎದ್ದು ನಿಲ್ಲಬೇಕು ಎಂದು ಮೈಸೂರಿನ ಕಾನೂನನ್ನು ಜಾರಿಗೆ ತಂದೆ. ಎಲ್ಲರೂ ಎದ್ದು ನಿಂತರು, ಹಿಂದಿನ ಸಾಲಿನ ಒಬ್ಬ ಉದ್ದನೆಯ ಹುಡುಗಿಯ ಹೊರತು. ಅವಳು ಜಗಳವಾಡಲಿಲ್ಲ, ಎದುರು ಮಾತಾಡಲಿಲ್ಲ, ಸುಮ್ಮನೆ ಕೂತೇ ಇರುತ್ತಿದ್ದಳು. ನಾನು ದಿನವೂ ಬೆಳಿಗ್ಗೆ ಅವಳನ್ನು ದುರುಗುಟ್ಟಿ ನೋಡುತ್ತಿದ್ದೆ, ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಚಳಿಗಾಲದಲ್ಲಿ ಗ್ರೀಕರ ಪಾಠ ಬಂತು. ರಾಜರ ಆಳ್ವಿಕೆ, ಕೆಲವರ ಆಳ್ವಿಕೆ, ಸರ್ವಾಧಿಕಾರ, ಪ್ರಜಾಪ್ರಭುತ್ವ ಎಂದು ಪುಸ್ತಕದಲ್ಲಿ ನಾಲ್ಕು ಒಣ ಪುಟ. ನಾನು ಪುಸ್ತಕ ಮುಚ್ಚಿ ಕಥೆ ಹೇಳಿದೆ. ಬೆಟ್ಟಗಳ ನಡುವೆ ಊರೂರೇ ಒಂದೊಂದು ರಾಜ್ಯವಾಗಿದ್ದದ್ದು, ಮೊದಲು ರಾಜರಿದ್ದದ್ದು, ಆಮೇಲೆ ಕುದುರೆ, ಜಮೀನು ಇದ್ದ ಕೆಲವು ಮನೆತನಗಳು ಸೇರಿ ರಾಜರನ್ನು ಮೂಲೆಗೆ ಕೂರಿಸಿದ್ದು. ಹಿಂದಿನ ಸಾಲಿನಿಂದ ಉದ್ದನೆಯ ಹುಡುಗಿ ಆ ವರ್ಷದ ತನ್ನ ಮೊದಲ ಪ್ರಶ್ನೆ ಕೇಳಿದಳು, ಕೂತಲ್ಲಿಂದಲೇ: ಆ ಕೆಲವರು ಅಂದರೆ ನಿಮ್ಮ ಮಾನಿಟರುಗಳ ಹಾಗೋ?

ಅಕ್ಷರ ದುಂಡಗಿದೆ ಎಂಬ ಒಂದೇ ಯೋಗ್ಯತೆ ನೋಡಿ ನಾನು ಮುಂದಿನ ಸಾಲಿನ ನಾಲ್ವರನ್ನು ಮಾನಿಟರುಗಳನ್ನಾಗಿ ಮಾಡಿದ್ದೆ. ಚೂಪಾದ ಪೆನ್ಸಿಲುಗಳೆಲ್ಲ ಅವರ ಬಳಿಯೇ ಉಳಿಯುತ್ತಿದ್ದವು ಎನ್ನುವುದು ನನಗೆ ಗೊತ್ತಿರಲಿಲ್ಲ, ಉಳಿದ ಮಕ್ಕಳಿಗೆ ಗೊತ್ತಿತ್ತು. ಮುಂದಿನ ಸೋಮವಾರ ನೋಡಿದರೆ ಪೆನ್ಸಿಲ್ ಡಬ್ಬ ಹಿಂದಿನ ಸಾಲಿಗೆ ಹೋಗಿದೆ, ಅರ್ಧ ತರಗತಿ ಆ ಹುಡುಗಿಯ ಬೆನ್ನಿಗಿದೆ. ಗದರಿಸಲು ಹೋದವಳಿಗೆ ನಗು ಬಂತು, ಏಕೆಂದರೆ ಅವತ್ತಿನ ಪಾಠವೇ ಅದು. ಕೆಲವರ ಮೇಲೆ ಸಿಟ್ಟಾದ ಜನರನ್ನು ಬೆನ್ನಿಗೆ ಕಟ್ಟಿಕೊಂಡು ಒಬ್ಬ ಗಟ್ಟಿಗ ಅಧಿಕಾರ ಹಿಡಿಯುತ್ತಿದ್ದ. ಅವನಿಗೆ ಗ್ರೀಕರು ಇಟ್ಟ 'ಟೈರಂಟ್' ಎಂಬ ಹೆಸರು ಮೊದಲಿಗೆ ಬೈಗುಳವೇನೂ ಆಗಿರಲಿಲ್ಲ. ಅಂಥ ಕೆಲವರು ಊರಿಗೆ ನೀರು ತಂದರು, ಬಡವರ ಕೈ ಹಿಡಿದರು. ಅವರ ಮಕ್ಕಳ ಕಾಲಕ್ಕೆ ಕೆಟ್ಟಿತು ಎಂದು ಹೇಳಿದೆ. ತನಗೆ ಮಕ್ಕಳಿಲ್ಲವಾದ್ದರಿಂದ ಚಿಂತೆಯಿಲ್ಲ ಎಂದಳು ಅವಳು.

ಆಮೇಲೆ ನಾನು ಪಾಠ ಮಾಡಿದೆನೋ ಅವರೇ ಮಾಡಿಕೊಂಡರೋ ಹೇಳಲಾರೆ. ಗ್ರೀಕರು ಕಾನೂನನ್ನು ಎಲ್ಲರಿಗೂ ಕಾಣುವಲ್ಲಿ ಬರೆದು ನಿಲ್ಲಿಸಿದರು ಎಂದೆ, ನಮ್ಮ ಗೋಡೆಯ ಮೇಲೂ ಕಾನೂನು ಬಂತು. ಅಥೆನ್ಸ್ ಊರಿನವರು ಎಷ್ಟೋ ಹುದ್ದೆಗಳಿಗೆ ಚೀಟಿ ಎತ್ತುತ್ತಿದ್ದರು, ನಮ್ಮ ಕಡೆಯೂ ಯಾರಿಗೂ ಬೇಸರವಾಗಬಾರದೆಂದರೆ ಹಾಗೇ ಮಾಡುತ್ತೇವೆ ಎಂದೆ. ನನ್ನ ಅವಲಕ್ಕಿಯ ಸ್ಟೀಲ್ ಡಬ್ಬವೇ ಚೀಟಿ ಡಬ್ಬವಾಯಿತು, ದಿನಕ್ಕೊಬ್ಬ ಅಧ್ಯಕ್ಷ. ಯುದ್ಧದ ಹಡಗಿಗೆ ಹುಟ್ಟು ಹಾಕುತ್ತಿದ್ದ ಬಡವರಿಗೆ ಕೊನೆಗೆ ಬೆಲೆ ಬಂದದ್ದನ್ನು ಹೇಳಿದಾಗ ಮಾತ್ರ ನಾನು ಏನನ್ನೂ ವಿವರಿಸಬೇಕಾಗಲಿಲ್ಲ. ಅಪ್ಪನ ಯೂನಿಯನ್ ಇದೇ ಅಲ್ಲವೇ ಎಂದರು. ಮೈಸೂರಿನಲ್ಲಿ ನಾನೇ ಬಾಯಿಪಾಠ ಮಾಡಿದ್ದ ಸಂಗತಿ, ಅರ್ಥವಾದದ್ದು ಅವತ್ತು.

ಹೆಂಗಸರಿಗೆ, ಗುಲಾಮರಿಗೆ, ಬೇರೆ ಊರಿನಿಂದ ಬಂದು ನೆಲೆಸಿದವರಿಗೆ ಅಲ್ಲಿ ಓಟಿರಲಿಲ್ಲ ಎಂದು ಒಂದು ದಿನ ಹೇಳಿದೆ. ಉದ್ದನೆಯ ಹುಡುಗಿ ಬೆರಳು ಮಡಚಿ ಎಣಿಸಿದಳು.

"ಹಾಗಾದ್ರೆ ಅಲ್ಲಿ ನನಗೆ ಓಟಿಲ್ಲ. ನಿಮಗೂ ಇಲ್ಲ, ಮಿಸ್. ನಿಮಗಂತೂ ಎರಡೆರಡು ಕಾರಣಕ್ಕೆ ಇಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಊರಿಗೆ ಬಂದ ಮೇಲೆ ಯಾರಾದರೂ ನನ್ನನ್ನು ತಮ್ಮ ಸಾಲಿಗೆ ಸೇರಿಸಿ ಮಾತಾಡಿದ್ದು ಅದೇ ಮೊದಲು.

ಕೊನೆಯ ಪಾಠ ಬಹಿಷ್ಕಾರದ್ದು. ನನ್ನ ಅಜ್ಜನ ತಮ್ಮ ಸಮುದ್ರ ದಾಟಿ ಓದಿ ಬಂದದ್ದಕ್ಕೆ ಅವರಿಗೆ ಬಹಿಷ್ಕಾರ ಹಾಕಿದ್ದರು, ಊಟದ ಪಂಕ್ತಿಯಲ್ಲಿ ಎಲೆ ಹಾಕುತ್ತಿರಲಿಲ್ಲ. ಅಥೆನ್ಸಿನ ಬಹಿಷ್ಕಾರ ಹಾಗಲ್ಲ ಎಂದು ಮಕ್ಕಳಿಗೆ ವಿವರಿಸಿದೆ. ಯಾರ ಕೈಯಲ್ಲಿ ಅಧಿಕಾರ ಅತಿಯಾಯಿತು ಅನ್ನಿಸುತ್ತದೋ ಅವರ ಹೆಸರನ್ನು ಮಡಕೆ ಚೂರಿನ ಮೇಲೆ ಗೀಚುವುದು. ಬಹಳ ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕು, ಆದರೆ ಅವನ ಮನೆ, ಆಸ್ತಿ, ಮರ್ಯಾದೆ ಎಲ್ಲ ಹಾಗೇ ಇರುತ್ತದೆ. ಪರ್ಷಿಯಾದವರು ದಂಡೆತ್ತಿ ಬಂದಾಗ ಕರೆದ ಹಾಗೆ, ಊರಿಗೆ ಆಪತ್ತು ಬಂದರೆ ಮೊದಲೇ ವಾಪಸು ಕರೆಯಲೂಬಹುದು. ನಾವೂ ಮಾಡೋಣ ಎಂದು ನಾನೇ ಉತ್ಸಾಹದಿಂದ ಹೇಳಿದೆ. ಹೂವಿನ ಕುಂಡಗಳನ್ನು ತಂದು ಗಂಡನ ಮುಂದಿಟ್ಟೆ. ನಮ್ಮಲ್ಲಿ ಮಡಕೆ ಒಡೆಯುವುದು ಹೆಣ ಸುಡುವಾಗ ಮಾತ್ರ ಎಂದು ಗೊಣಗುತ್ತಾ, ಎಂಜಿನಿಯರ್ ಮಹಾಶಯರು ಹಿಮದಲ್ಲಿ ನಿಂತು ಸುತ್ತಿಗೆಯಿಂದ ಒಡೆದುಕೊಟ್ಟರು. ಅವರಿಗೂ ನಾನು ಋಣಿ.

ಪೆನ್ಸಿಲ್ ಡಬ್ಬದ ರಾಣಿಯೇ ಹೊರಗೆ ಹೋಗುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ಚೂರು ಹಂಚುವ ಮೊದಲೇ ಅವಳು ಕೈ ಎತ್ತಿ, ಹೆಸರು ಯಾರದ್ದಾದರೂ ಬರೆಯಬಹುದೇ ಎಂದು ಕೇಳಿದಳು. ಪ್ರಜೆಗಳ ಹೆಸರು ಮಾತ್ರ ಎಂದೆ. ಹಾಗಾದರೆ ಮಿಸ್ ಪ್ರಜೆ ಅಲ್ಲವೇ? ಅಲ್ಲ, ನಾನು ಹೊರಗಿನಿಂದ ಬಂದವಳು ಎಂದು ಜಾಣತನದಿಂದ ನುಣುಚಿಕೊಂಡೆ. ಅವರು ತಲೆ ತಲೆ ಸೇರಿಸಿದರು. ಅಥೆನ್ಸಿನಲ್ಲಿ ಸಭೆ ಮನಸ್ಸು ಮಾಡಿದರೆ ಹೊರಗಿನವರಿಗೂ ಪೌರತ್ವ ಕೊಡಬಹುದಿತ್ತು ಎಂದು ನಾನೇ ಹಿಂದಿನ ವಾರ ಹೇಳಿದ್ದೆ. ಹಾಳಾದ್ದು, ನಾನು ಹೇಳಿದ್ದೊಂದನ್ನೂ ಅವರು ಮರೆತಿರಲಿಲ್ಲ. ಎಲ್ಲ ಕೈಗಳೂ ಮೇಲೆದ್ದವು, ನಾನು ಪ್ರಜೆಯಾದೆ. ಚಪ್ಪಾಳೆ ಹೊಡೆದು, ಚೂರುಗಳ ಮೇಲೆ ನನ್ನ ಹೆಸರು ಬರೆದರು.

ಸೀಮೆಸುಣ್ಣದಲ್ಲಿ ಬರೆದ ನನ್ನ ಹೆಸರು ಚೂರಿನಿಂದ ಚೂರಿಗೆ ಬೇರೆ ಬೇರೆ ಕಾಗುಣಿತದಲ್ಲಿತ್ತು. ನೋವಾಯಿತು, ಸಿಟ್ಟೂ ಬಂತು. ಕಾರಣ ಏನು ಎಂದು ಕೇಳಿದೆ. ಉದ್ದನೆಯ ಹುಡುಗಿ ಹೇಳಿದಳು:

"ನಮ್ಮಜ್ಜಿ ದಕ್ಷಿಣದ ರಾಜ್ಯಗಳಲ್ಲಿ ಜೀವಮಾನ ಪೂರ್ತಿ ಬಿಳಿಯರು ಬಂದ್ರೆ ಎದ್ದು ನಿಂತಿದ್ದಾಳೆ, ಮಿಸ್. ನಾನು ನಿಲ್ಲಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ."

ಗೋಡೆಯ ಮೇಲಿದ್ದ ಎದ್ದು ನಿಲ್ಲುವ ಕಾನೂನನ್ನು ನಾನೇ ಅಳಿಸಿ, ಶಿಕ್ಷೆಯನ್ನು ಒಪ್ಪಿಕೊಂಡೆ. ಹತ್ತು ವರ್ಷದ ಬದಲು ಹತ್ತು ದಿನ, ಅದೂ ಇತಿಹಾಸದ ಪೀರಿಯಡ್ಡಿನಲ್ಲಿ ಮಾತ್ರ. ತೆರೆದ ಬಾಗಿಲಿನ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಒಳಗೆ ಅವರೇ ಓದುತ್ತಿದ್ದರು, ಅವರೇ ಪ್ರಶ್ನೆ ಕೇಳುತ್ತಿದ್ದರು.

ಇನ್ನೂ ಶಿಕ್ಷೆ ಮುಗಿದಿರಲಿಲ್ಲ, ಕಾರಿಡಾರಿನ ಆ ತುದಿಯಿಂದ ಕನ್ನಡಕವನ್ನು ಸರಪಣಿಯಲ್ಲಿ ಕೊರಳಿಗೆ ತೂಗುಹಾಕಿಕೊಂಡ ಬಿಳಿಕೂದಲಿನ ಹೆಂಗಸೊಬ್ಬರು ಬಂದರು. ಮೈಸೂರಿನಲ್ಲಾದರೆ ಇನ್‌ಸ್ಪೆಕ್ಟರು ಬರುವ ಸುದ್ದಿ ಒಂದು ವಾರ ಮೊದಲೇ ಬರುತ್ತಿತ್ತು, ಗೋಡೆಗೆ ಸುಣ್ಣ ಬಳಿದು ಕಾಯುತ್ತಿದ್ದೆವು. ಇಲ್ಲಿ ಹೇಳದೆ ಕೇಳದೆ ಎದುರಿಗೆ ನಿಂತಿದ್ದರು. ಟೀಚರು ಹೊರಗೇಕೆ ಕೂತಿದ್ದಾರೆ ಎಂದು ಕೇಳಿದರು. ಎದ್ದು ಒಳಗೆ ಹೋಗಿಬಿಡಬಹುದಿತ್ತು, ಮಕ್ಕಳು ಏನೂ ಅನ್ನುತ್ತಿರಲಿಲ್ಲ. ಆದರೆ ಹೋದರೆ ಅಷ್ಟು ದಿನ ನಾನು ಹೇಳಿದ್ದೆಲ್ಲ ಬರೀ ಬಾಯಿಮಾತು. ನನ್ನನ್ನು ಗಡೀಪಾರು ಮಾಡಿದ್ದಾರೆ ಎಂದೆ. ಯಾರು ಎಂದರು. ಒಳಗಿನ ಪ್ರಜೆಗಳು ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೋ ಬರೆದುಕೊಂಡು, ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತರು. ಕಿಟಕಿ, ಹಿಮ, ಮಧ್ಯಾಹ್ನದ ನಿದ್ದೆ ಎಲ್ಲ ನನ್ನ ಕಣ್ಣ ಮುಂದೆ ಬಂದವು.

ಒಳಗೆ ಓದು ನಿಂತಿತು. ಉದ್ದನೆಯ ಹುಡುಗಿ ಎದ್ದು ನಿಂತಳು. ಆಪತ್ತು ಬಂದಾಗ ಹೊರಹಾಕಿದವರನ್ನು ವಾಪಸು ಕರೆಯಬಹುದೆಂಬ ಕಾನೂನಿದೆ ಎಂದು ಸಭೆಗೆ ನೆನಪಿಸಿದಳು. ಪರ್ಷಿಯಾದವರು ಬಂದಿದ್ದಾರೆ ಎಂದು, ಪಕ್ಕದಲ್ಲಿ ಕೂತಿದ್ದ ಅತಿಥಿಯನ್ನು ಒಂದು ಸಲ ನೋಡಿ, ಮಿಸ್ ಬೇಕೆನ್ನುವವರು ಕೈ ಎತ್ತಿ ಎಂದಳು. ಬಾಗಿಲಿನಿಂದ ನನಗೆ ಬರೀ ಕೈಗಳೇ ಕಂಡವು. ನಗು ತಡೆಯಲಾರದೆ ಆ ಹೆಂಗಸೂ ಕೈ ಎತ್ತಿದರು.

"ಕ್ಷಮಿಸಿ ಮೇಡಮ್," ಅಂದಳು ಹುಡುಗಿ. "ನೀವು ಹೊರಗಿನವರು, ನಿಮಗಿಲ್ಲಿ ಓಟಿಲ್ಲ. ಮಿಸ್‌ಗೆ ಇದೆ."

ಪೀರಿಯಡ್ ಮುಗಿದ ಮೇಲೆ ಆ ಹೆಂಗಸು ನನ್ನ ಕೈ ಕುಲುಕಿ, ಅಲ್ಲಿ ತನಗೆ ಓಟಿಲ್ಲದಿದ್ದರೂ ವರದಿ ಬರೆಯುವವಳು ತಾನೇ ಎಂದು ಹೇಳಿ ಹೋದರು. ಆ ವರದಿಯ ಮೇಲೆ ನಾನು ಮುಂದಿನ ವರ್ಷವೂ ಟೀಚರಾದೆ, ಅದರ ಮುಂದಿನ ವರ್ಷವೂ.

ಮರುದಿನ ಬೆಳಿಗ್ಗೆ ಕೋಟಿನ ಹಿಮ ಕೊಡವುತ್ತಾ ತರಗತಿಯೊಳಗೆ ಹೋದೆ. ಕಾನೂನು ಹೋದ ಮೇಲೂ ಅಭ್ಯಾಸಬಲದಿಂದ ಏಳುತ್ತಿದ್ದವರು ಕೂಡ ಅವತ್ತು ಏಳಲಿಲ್ಲ. ನಮ್ಮ ಮನೆಯಲ್ಲೂ ಎದ್ದು ನಿಲ್ಲುತ್ತಿದ್ದದ್ದು ಅತಿಥಿಗಳಿಗೆ, ಮನೆಯವರು ಬಂದರೆ ಯಾರೂ ಏಳುತ್ತಿರಲಿಲ್ಲ. ಉದ್ದನೆಯ ಹುಡುಗಿ ಪುಸ್ತಕದಿಂದ ತಲೆಯನ್ನೂ ಎತ್ತದೆ ಹೇಳಿದಳು:

"ಬಾಗಿಲು ಹಾಕಿ, ಮಿಸ್. ಚಳಿ ಬರ್ತಿದೆ."

ಹಾಕಿದೆ. ಅಳು ಬಂದದ್ದು ಆಗ.