ಕಿವಿಯ ಕೇಸಿನಲ್ಲಿ ನನ್ನ ಕಣ್ಣು

ಮೂತ್ರದ ಸೋಂಕಿಗೆಂದು ಹತ್ತು ದಿನ ಇಂಜೆಕ್ಷನ್ ಮಾಡಿಸಿಕೊಂಡೆ. ಆರನೆಯ ದಿನ ಕಿವಿಯಲ್ಲಿ ಗುಂಯ್ ಅನ್ನತೊಡಗಿತು. ತಿಂಗಳು ತುಂಬುವುದರೊಳಗೆ ಎರಡೂ ಕಿವಿ ಹೋದವು. ಆ ಔಷಧ ಕಿವಿ ಕೆಡಿಸುತ್ತದೆಂದು ಕಂಪನಿಯವರಿಗೆ ಮೊದಲೇ ಗೊತ್ತಿತ್ತಂತೆ. ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದಿರಲಿಲ್ಲ. ಅದಕ್ಕೇ ಜಮಖಂಡಿ ಕೋರ್ಟಿನಲ್ಲಿ ಕೇಸು ಹಾಕಿದೆವು.

ನಾನು ಕಲಿತದ್ದು ಎರಡನೆಯ ಇಯತ್ತೆ. ರಬಕವಿಯ ಮಗ್ಗದ ಶೆಡ್ಡಿನಲ್ಲಿ ಮೂವತ್ತು ವರ್ಷ ನೂಲಿನ ಕಂಡಿಕೆ ಸುತ್ತಿದೆ. ಹನ್ನೆರಡು ಪಾವರ್‌ಲೂಮ್ ಒಟ್ಟಿಗೆ ಬಡಿಯುವಾಗ ಪಕ್ಕದವಳು ಕೂಗಿದರೂ ಕೇಳದು. ಹೆಂಗಸರೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದೆವು. ಮಾಲೀಕನನ್ನು ಬೈಯುವುದೂ ಹಾಗೆಯೇ, ಅವನ ಎದುರಿಗೇ. ಶೆಡ್ಡು ಬಿಟ್ಟ ಮೇಲೂ ಓಣಿಯ ಪಿಸುಮಾತು ನನಗೆ ಕೇಳುತ್ತಿತ್ತು. ಇಂಜೆಕ್ಷನ್ ಆದ ಮೇಲೆ ಉಳಿದದ್ದು ಈ ತುಟಿ ನೋಡುವ ರೂಢಿಯೊಂದೇ.

ಸಾಕ್ಷಿ ಹೇಳುವ ದಿನ ಕಂಪನಿಯ ವಕೀಲ ಎದುರಿಗೆ ಬಂದು ನಿಂತ. ಮೀಸೆ ಇಲ್ಲದವನು, ಬಿಡಿಸಿ ಬಿಡಿಸಿ ಮಾತಾಡುವವನು.

“ಊಟ ಆತೇನ್ರಿ ಆಯಿ?”

“ಆತ್ರಿ. ರೊಟ್ಟಿ ಕಟಗೊಂಡು ಬಂದಿದ್ದೆ.”

“ಯಾರ ಜೋಡಿ ಬಂದೀರಿ?”

“ಮಗಳ ಜೋಡಿ. ಬಸ್ಸಿನ್ಯಾಗ.”

ಅವನು ಜಡ್ಜರ ಕಡೆ ತಿರುಗಿ ಏನೋ ಹೇಳಿದ. ನನಗೆ ಬೆನ್ನು ಮಾತ್ರ ಕಂಡಿತು. ಸುತ್ತಲಿನವರು ನಕ್ಕರು. ನಾನೂ ನಕ್ಕೆ.

ಹೊರಗೆ ಬಂದ ಮೇಲೆ ಮಗಳು ನನ್ನ ಮುಖದೆದುರು ನಿಂತಳು. “ಯವ್ವಾ, ನಿನಗ ಎಲ್ಲಾ ಛಲೋ ಕೇಳಸ್ತೈತಿ ಅಂತ ಬರಿಸಿದ ಅಂವ. ಕೇಳಸೂದಿಲ್ಲ ಅಂದ್ರೂ ಅದು ಮಗ್ಗದ ಸಪ್ಪಳಕ್ಕ, ಔಷಧಕ್ಕಲ್ಲ ಅಂದ. ನೀ ಯಾಕ ನಕ್ಕಿ?”

“ಎಲ್ಲಾರೂ ನಗಾಕತ್ತಿದ್ರು.”

ನಮ್ಮ ವಕೀಲರು ಹಣೆ ಒರೆಸಿಕೊಂಡರು. “ಡಾಕ್ಟರ್ ಕಾಗದ ಐತಿ, ಖರೆ. ಆದ್ರ ನೀವು ಪಟಪಟ ಜವಾಬು ಕೊಟ್ಟದ್ದನ್ನ ಜಡ್ಜ್ ಸಾಹೇಬ್ರು ಕಣ್ಣಾರೆ ನೋಡ್ಯಾರಲ್ಲ. ಬೆನ್ನ ಹಿಂದ ನಿಂತು ಪ್ರಶ್ನೆ ಕೇಳ್ರಿ ಅಂತ ಅರ್ಜಿ ಕೊಡ್ತೇನಿ. ಆವತ್ತ ಯಾರ ಮಾರಿನೂ ನೋಡಬ್ಯಾಡ್ರಿ ಆಯಿ. ತಲಿ ತಗ್ಗಿಸಿ ಕುಂಡ್ರ್ರಿ.”

“ನಾಟಕ ಮಾಡಂತೀರೇನ್ರಿ?”

“ನಾಟಕ ಅಲ್ರಿ. ಇದ್ದದ್ದು ಕಾಣೂಹಂಗ ಕುಂಡ್ರ್ರಿ ಅಂತೇನಿ.”

ನನ್ನ ಬಗ್ಗೆ ಹತ್ತು ಮಂದಿ ಮಾತಾಡುವಾಗ ನೆಲ ನೋಡುತ್ತ ಕೂಡುವುದು ನನಗೆ ಬರುವುದಿಲ್ಲ. ಕತ್ತು ತಾನಾಗಿಯೇ ಏಳುತ್ತದೆ. ತಾರೀಖು ಹತ್ತಿರ ಬಂದಿದೆ. ಮನೆಯಲ್ಲಿ ರೂಢಿ ಮಾಡುತ್ತಿದ್ದೇವೆ. ಮಗಳು ಬೆನ್ನ ಹಿಂದೆ ನಿಂತು ಮಾತಾಡುತ್ತಾಳೆ, ನಾನು ತಿರುಗಬಾರದು.

ನಿನ್ನೆ ಬಹಳ ಹೊತ್ತು ತಿರುಗಲಿಲ್ಲ. ಗೆದ್ದೆನೆಂದುಕೊಂಡು ಕೊನೆಗೆ ನೋಡಿದರೆ ಹಿಂದೆ ಯಾರೂ ಇಲ್ಲ. ಹಾಲು ಉಕ್ಕಿತೆಂದು ಯಾವಾಗಲೋ ಒಳಗೆ ಹೋಗಿದ್ದಳು. ಹೇಳಿಯೇ ಹೋಗಿದ್ದಳಂತೆ.