ದೋಣಿಗೆ ನೀರು ಕುಡಿಸುವುದು

ಬೆಳಿಗ್ಗೆ ಹಾಲು ಕಾಯಿಸಿದೆ, ಹೆಸರುಕಾಳು ನೆನೆಹಾಕಿದೆ, ಬಟ್ಟೆ ಹಿಂಡಿ ಹರವಿದೆ, ಗ್ಯಾಸಿನವನಿಗೆ ಫೋನ್ ಮಾಡಿದೆ. ಆಮೇಲೆ ಕೆಳಗಿಳಿದು, ಪಾರ್ಕಿಂಗಿನಲ್ಲಿರುವ ಹಾಯಿದೋಣಿಯೊಳಗೆ ಪೈಪಿನಿಂದ ನೀರು ಬಿಟ್ಟೆ. ಈ ವಾರವೆಲ್ಲ ಇದೇ ಕೆಲಸ.

ದೋಣಿ ಕೆಳಮನೆಯ ಕಾಕಾ ಅವರದು. ಅವರನ್ನು ನೆನೆದರೆ ಮೊದಲು ಕಾಣುವುದು ಹೆಬ್ಬೆರಳು: ಚಪ್ಪಟೆ, ಉಗುರಿನ ಅಂಚಿಗೆ ವಾರ್ನಿಷಿನ ಹಳದಿ. ಧಾರವಾಡದಿಂದ ನಕ್ಷೆ ಬರೆಯುವ ಕೆಲಸಕ್ಕೆಂದು ಪುಣೆಗೆ ಬಂದವರು, ಖಡಕವಾಸಲಾ ಅಣೆಕಟ್ಟಿನ ನೀರು ನೋಡಿ ಹಾಯಿಯ ಹುಚ್ಚು ಹಿಡಿಸಿಕೊಂಡರು. ಎಲ್ಲಿ ಕಟ್ಟಿಗೆ ಕಂಡರೂ ಹೆಬ್ಬೆರಳಿನಿಂದ ಒತ್ತಿ ನೋಡುವರು. ನಮ್ಮ ಮನೆಗೆ ಬಂದರೂ ಮೊದಲು ಬಾಗಿಲ ಚೌಕಟ್ಟು ಒತ್ತಿ, ಆಮೇಲೆ "ಚಹಾ ಅದ ಏನವ್ವಾ?"

ಮಂಡಿ ಸೋತ ಮೇಲೆ ದೋಣಿಯನ್ನು ಇಲ್ಲಿಗೆ ತರಿಸಿ ತಾಡಪತ್ರಿ ಮುಚ್ಚಿದರು. ವರ್ಷಗಟ್ಟಲೆ ಅದು ಒಣಗಿತು, ಹಲಗೆಗಳ ನಡುವೆ ಬೆಳಕು ಕಾಣುವಷ್ಟು. ಕಳೆದ ಬೇಸಿಗೆಯಲ್ಲಿ ಒಮ್ಮೆ ಕೇಳಿದರು: "ರಿಪೇರಿ ಮಾಡಿಸ್ಲೋ, ಒಡಸ್ಲೋ?"

"ಮೊದಲ ನಿಮ್ಮ ಮಂಡಿ ರಿಪೇರಿ ಮಾಡಿಸ್ರಿ," ಎಂದರು ಅವರ ಹೆಂಡತಿ, ನಮಗೆಲ್ಲ ಕಾಕು.

ಕಾಕಾ ನಕ್ಕರು. "ಒಣಗಿದ್ದು ಸೋರೂದ. ನೀರು ಕುಡಿಸಿದ್ರ ಕಟ್ಟಿಗಿ ಉಬ್ಬಿ ಬಿರುಕು ಮುಚ್ಚತಾವ. ಮುಚ್ಚಿದ್ರ ಇಡೂದು, ಇಲ್ಲಾಂದ್ರ ಒಡಿಯೂದು. ಕುಡಿಸೂಕಿಂತ ಮೊದಲ ಏನೂ ಹೇಳಬಾರ್ದು."

ಕುಡಿಸುವ ಮೊದಲೇ, ಶ್ರಾವಣದಲ್ಲಿ, ಹೋಗಿಬಿಟ್ಟರು.

ಈಗ ಸೊಸೈಟಿಯವರು ದೋಣಿ ತೆಗೆಯಿರಿ ಎನ್ನುತ್ತಿದ್ದಾರೆ. ಗುಜರಿಯವನೂ ಬಂದು ನೋಡಿ ಹೋದ. ಆ ದಿನ ಕಾಕು ನನ್ನನ್ನು ಕರೆದು, "ಒಮ್ಮೆ ಕುಡಿಸಿ ನೋಡೋಣೇನು?" ಎಂದರು.

ಮೊದಮೊದಲು ಎಲ್ಲ ಬಿರುಕುಗಳಿಂದಲೂ ಸುರಿಯಿತು. "ಕಾಕೂ, ಮಾಸೇ ಪಾಳ್ತಾಯ್ ಕಾ?" ಮೀನು ಸಾಕುತ್ತೀರೇನು ಎಂದು ಸೆಕ್ರೆಟರಿ ನಕ್ಕರು. ನಿಮ್ಮ ಮನೆಗೂ ಒಂದು ಕೊಡ್ತೀನಿ ಎಂದು ಕಾಕು ಮರಾಠಿಯಲ್ಲೇ ಬಾಯಿ ಮುಚ್ಚಿಸಿದರು.

ಇವತ್ತು ಸಂಜೆ ದೋಣಿಯ ಕೆಳಗಿನ ನೆಲ ಒಣಗಿತ್ತು. ಒಳಗೆ ನೀರು ತುಂಬಿ ನಿಂತಿತ್ತು. ಆಕಾಶ, ಮಾವಿನೆಲೆ, ಮೇಲಿನ ಮಹಡಿಯಲ್ಲಿ ಹರವಿದ ಸೀರೆ ಎಲ್ಲ ಅದರೊಳಗೆ ಮೆಲ್ಲಗೆ ತೂಗುತ್ತಿದ್ದವು. ದೋಣಿಯೇ ಕೆರೆಯನ್ನು ಹೊತ್ತು ಎಲ್ಲಿಗೋ ಹೊರಟಂತಿತ್ತು.

ಕಾಕು ಬಗ್ಗಿ ಅಡಿಹಲಗೆಯನ್ನು ಉದ್ದಕ್ಕೂ ಸವರಿದರು. ಅಂಗೈ ನೋಡಿಕೊಂಡರು. ಹನಿ ಇರಲಿಲ್ಲ.

"ಗುಜರಿಯವಗ ಬ್ಯಾಡಂತ ಹೇಳಿಬಿಡು. ಬಡಗ್ಯಾನ್ನ ಕರಿ."

"ಮತ್ತ ನಡಸಾವ್ರು ಯಾರ್ರಿ ಕಾಕು?"

"ಯಾರರ ನಡಸ್ಲಿ. ನಾ ದಂಡಿಮ್ಯಾಲ ಬುತ್ತಿ ಡಬ್ಬಿ ಹಿಡಕೊಂಡು ಕೂಡ್ತೀನಿ. ಅವರಿದ್ದಾಗೂ ಅಲ್ಲೇ ಕೂಡ್ತಿದ್ನಲ್ಲ."

ಕಾಕು ನಮ್ಮಲ್ಲೇ ಉಂಡರು: ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು. "ಸ್ವಲ್ಪ ಅಡ್ಡಾಗ್ತೀನಿ" ಎಂದು ದಿವಾನದ ಮೇಲೆ ಒರಗಿದವರು, ನಾನು ತಾಟು ತೊಳೆದು ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು.